ಕಾವಲುನಾಯಿಯ ಕೂಲಿ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದ ಅಡ್ಡರಸ್ತೆಗಳಲ್ಲಿ ಸಂಜೆ ಪವರ್ ಪ್ರೆಸ್‌ಗಳು ನಿಂತ ಮೇಲೆ ಎರಡು ಸದ್ದು ಉಳಿಯುತ್ತವೆ. ಒಂದು ತುಮಕೂರು ರಸ್ತೆಯ ಲಾರಿಗಳದ್ದು, ಇನ್ನೊಂದು ಗೇಟಿಗೆ ಕಟ್ಟಿದ ನಾಯಿಗಳದ್ದು. ತಾಮ್ರದ ತುಂಡು, ಹಿತ್ತಾಳೆ ಚೂರು, ಮೋಟರು, ದುಬಾರಿ ಕಟಿಂಗ್ ಟೂಲು ಇಟ್ಟುಕೊಂಡ ಸಣ್ಣ ಶೆಡ್ಡುಗಳಿಗೆ ಸಿ.ಸಿ. ಕ್ಯಾಮೆರಾ ಬಂದದ್ದು ಈಚೆಗೆ. ಅದಕ್ಕಿಂತ ಮೊದಲಿಂದಲೂ ಇಲ್ಲಿ ರಾತ್ರಿ ಪಾಳಿ ಮಾಡುತ್ತ ಬಂದದ್ದು ನಾಯಿ. ಹೆಚ್ಚಿನವು ಬೀದಿಯಲ್ಲಿ ಹುಟ್ಟಿ, ಯಾರೋ ಹಾಕಿದ ಊಟದ ಋಣಕ್ಕೆ ಗೇಟಿನ ಬಳಿ ನಿಂತುಬಿಟ್ಟವು.

ನನಗೆ ಗೊತ್ತಿರುವ ಒಂದು ಶೆಡ್ಡಿನಲ್ಲಿ ಕರಿಯ ಎಂಬ ನಾಯಿ ಇದೆ. ಮೂರಡಿ ಚೈನಿನಲ್ಲಿ ಬೆಳೆದ ನಾಯಿ. ಗೇಟಿನ ಚಿಲಕದ ಸದ್ದಾದರೆ ಸಾಕು, ಒಳಗೆ ಬರುವವರ ಮೇಲೆ ಎಗರುತ್ತಿತ್ತು. ಪಾರ್ಸೆಲ್ ತಂದ ಹುಡುಗನೊಬ್ಬನ ಪ್ಯಾಂಟು ಹರಿದ ದಿನ ಮಾಲೀಕರು ಪೈಪಿನ ತುಂಡು ಕೈಗೆತ್ತಿಕೊಂಡರು. ಅವರು ಕೆಟ್ಟವರಲ್ಲ. ಕೆಲಸಗಾರರ ಮಕ್ಕಳ ಶಾಲೆಯ ಫೀಸಿಗೆ ಕೈಯಿಂದ ಕೊಟ್ಟವರು. ಆದರೆ ನಾಯಿಯ ವಿಷಯಕ್ಕೆ ಬಂದರೆ ಅವರಿಗೆ ಗೊತ್ತಿದ್ದದ್ದು ಒಂದೇ ಪಾಠ: ದಂಡಂ ದಶಗುಣಂ.

ತಡೆದದ್ದು ರಾತ್ರಿ ವಾಚ್‌ಮನ್. ಮುಧೋಳದ ಕಡೆಯವರು. ‘ಹೊಡಿಬ್ಯಾಡ್ರಿ ಸಾಹೇಬ್ರ, ಹೊಡದ್ರ ಅದು ಕಲಿಯಂಗಿಲ್ಲ, ಅಂಜತೈತಿ ಅಷ್ಟ’ ಎಂದರು. ಮುಂದಿನ ಕೆಲವು ವಾರ ಅವರು ಮಾಡಿದ್ದು ಇಷ್ಟೇ. ಗೇಟಿನಿಂದ ದೂರಕ್ಕೆ ಒಂದು ಗೋಣಿಚೀಲ ಹಾಸಿದರು. ಬೇಯಿಸಿದ ಮೊಟ್ಟೆಯನ್ನು ಕಡಲೆಕಾಳಿನಷ್ಟು ಸಣ್ಣ ಚೂರು ಮಾಡಿ ಜೇಬಿನ ಪ್ಲಾಸ್ಟಿಕ್ಕಿನಲ್ಲಿ ಇಟ್ಟುಕೊಂಡರು. ತಾವೇ ಚಿಲಕ ಸದ್ದು ಮಾಡುವುದು, ನಾಯಿ ಗೋಣಿಚೀಲದ ಕಡೆ ತಿರುಗಿದ ಮರುಕ್ಷಣ ಅದರ ಮೇಲೆ ಒಂದು ಚೂರು ಎಸೆಯುವುದು. ಮೊದಲು ಬರಿಯ ಸದ್ದು, ಆಮೇಲೆ ಗೇಟು ಒಂದು ಗೇಣು ತೆರೆಯುವುದು, ಆಮೇಲೆ ಪರಿಚಯದ ಹೆಲ್ಪರ್ ಹುಡುಗ ಒಳಗೆ ಬರುವುದು. ಈಗ ಚಿಲಕದ ಸದ್ದಾದರೆ ಕರಿಯ ತಾನಾಗಿ ಗೋಣಿಚೀಲದ ಮೇಲೆ ಹೋಗಿ ಕೂತು ವಾಚ್‌ಮನ್ ಮುಖ ನೋಡುತ್ತದೆ.

ಇದನ್ನು ಕಣ್ಣಾರೆ ಕಂಡ ಮೇಲೂ ಮಾಲೀಕರು ಹೇಳಿದ ಮಾತು: ‘ಚೆನ್ನಾಗೇನೋ ಇದೆ. ಆದರೆ ಇದು ಲಂಚ ಅಲ್ವಾ?’

ಮೆಚ್ಚಿ ಕಲಿಸುವ ಪದ್ಧತಿಯ ಬಗ್ಗೆ ಪೀಣ್ಯದಲ್ಲಿ ನಾನು ಅತಿ ಹೆಚ್ಚು ಕೇಳಿದ ಆಕ್ಷೇಪ ಇದು. ಇದಕ್ಕೆ ಉತ್ತರ ಪೀಣ್ಯದವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕು. ಕೆಲಸಕ್ಕೆ ಮೊದಲೇ ತೋರಿಸಿ, ಆಸೆ ಹುಟ್ಟಿಸಿ ಮಾಡಿಸುವುದು ಲಂಚ. ಮಾಡಿದ ಕೆಲಸಕ್ಕೆ ಕೈಗೆ ಬರುವುದು ಸಂಬಳ. ಇಲ್ಲಿ ಪೀಸ್ ರೇಟಿನ ಮೇಲೆ ಬೋಲ್ಟು ಎಣಿಸಿ ಕೂಲಿ ಪಡೆಯುವ ಸಾವಿರಾರು ಜನ ಇದ್ದಾರೆ. ಓವರ್‌ಟೈಮ್ ದುಡ್ಡನ್ನು, ಆಯುಧಪೂಜೆಯ ಬೋನಸ್ಸನ್ನು ಯಾರೂ ಲಂಚ ಎಂದು ಕರೆಯುವುದಿಲ್ಲ. ವಾಚ್‌ಮನ್ ಮೊಟ್ಟೆಯ ಚೂರನ್ನು ಕರಿಯನಿಗೆ ತೋರಿಸಿ ಕರೆಯಲಿಲ್ಲ. ಅದು ಜೇಬಿನಲ್ಲೇ ಇತ್ತು. ನಾಯಿ ಸರಿಯಾದ ಕೆಲಸ ಮಾಡಿದ ಮೇಲೆ ಹೊರಬಂತು. ಪದ್ಧತಿಯ ಗುಟ್ಟೆಲ್ಲ ಈ ಹಿಂದುಮುಂದಿನಲ್ಲಿದೆ. ಕೈಯಲ್ಲಿ ಬಿಸ್ಕತ್ತು ಆಡಿಸುತ್ತ ‘ಕೂರು, ಕೂರು’ ಎಂದು ಬೇಡುವವರನ್ನು ನೋಡಿ ಜನ ಇಡೀ ಪದ್ಧತಿಯನ್ನೇ ಹಳಿಯುತ್ತಾರೆ. ಅದು ಪದ್ಧತಿಯ ದೋಷವಲ್ಲ, ಮಾಡುವವರ ಅವಸರ.

ಮಾಡಿದ್ದಕ್ಕೆ ಒಳ್ಳೆಯದಾದರೆ ಪ್ರಾಣಿ ಅದನ್ನು ಮತ್ತೆ ಮಾಡುತ್ತದೆ ಎಂಬುದನ್ನು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲೇ ಬೆಕ್ಕುಗಳನ್ನು ಚಿಲಕದ ಪೆಟ್ಟಿಗೆಯಲ್ಲಿಟ್ಟು ತೋರಿಸಿದ್ದ. ಬಿ.ಎಫ್. ಸ್ಕಿನ್ನರ್ ಅದನ್ನು ಮುಂದುವರಿಸಿದ. 1960ರ ದಶಕದಲ್ಲಿ ಹವಾಯಿಯಲ್ಲಿ ಕರೆನ್ ಪ್ರಯರ್ ಡಾಲ್ಫಿನ್‌ಗಳಿಗೆ ಸೀಟಿ ಊದಿ ಮೀನು ಕೊಟ್ಟು ಕಲಿಸಿದರು. ನೀರಿನಲ್ಲಿ ಈಜುವ ಡಾಲ್ಫಿನ್ನಿಗೆ ಚೈನು ಹಾಕಲಾಗದು, ಏಟು ಕೊಡಲಾಗದು, ಬೇಸರವಾದರೆ ಅದು ಸುಮ್ಮನೆ ಆಚೆ ಹೋಗಿಬಿಡುತ್ತದೆ. ಬಲವಂತಕ್ಕೆ ದಾರಿಯೇ ಇಲ್ಲದ ಕಡೆ ಬೆಳೆದ ವಿದ್ಯೆಯೇ ಮುಂದೆ ನಾಯಿಗಳಿಗೆ ಬಂತು. ಸೀಟಿಯ ಬದಲು ಒಂದು ಮಾತು ಸಾಕು. ನಮ್ಮ ವಾಚ್‌ಮನ್ ‘ಭಲೆ’ ಎನ್ನುತ್ತಾರೆ. ನಾಯಿ ಕೂತ ಕ್ಷಣಕ್ಕೇ ‘ಭಲೆ’, ಅದರ ಹಿಂದೆಯೇ ಚೂರು. ಹೊತ್ತು ಮೀರಿದರೆ ಯಾವುದಕ್ಕೆ ಕೂಲಿ ಸಿಕ್ಕಿತೆಂದು ನಾಯಿಗೆ ತಿಳಿಯದು. ಕೂತದ್ದಕ್ಕೆ ಕೊಡಬೇಕಿದ್ದ ಚೂರನ್ನು ಎದ್ದು ನಿಂತ ಮೇಲೆ ಕೊಟ್ಟರೆ ನೀವು ಕಲಿಸಿದ್ದು ಏಳುವುದನ್ನು.

‘ತಿಂಡಿ ಇಲ್ಲದ ದಿನ ಮಾತು ಕೇಳುವುದಿಲ್ಲ’ ಎನ್ನುವವರಿಗೆ ಹೇಳಬೇಕಾದದ್ದು: ಹೊಸದನ್ನು ಕಲಿಸುವಾಗ ಪ್ರತಿ ಸಲವೂ ಕೊಡಬೇಕು. ಕಲಿತ ಮೇಲೆ ಒಮ್ಮೆ ಕೊಟ್ಟು ಎರಡು ಸಲ ಬಿಟ್ಟು, ಮತ್ತೊಮ್ಮೆ ಐದು ಸಲ ಬಿಟ್ಟು ಕೊಡಬೇಕು. ಯಾವಾಗ ಬರುತ್ತದೋ ಗೊತ್ತಿಲ್ಲದ ಕೂಲಿಗೆ ನಾಯಿ ಇನ್ನೂ ಆಸ್ಥೆಯಿಂದ ಕೆಲಸ ಮಾಡುತ್ತದೆ. ಕೂಲಿ ಎಂದರೆ ಬರೀ ತಿಂಡಿಯೂ ಅಲ್ಲ. ಗೇಟು ದಾಟಿ ವಾಸನೆ ನೋಡಲು ಬಿಡುವುದು ಕೂಲಿ, ಹಳೆ ಬಟ್ಟೆಯ ಗಂಟನ್ನು ಎಳೆದಾಡುವ ಆಟ ಕೂಲಿ, ಕಿವಿಯ ಹಿಂದೆ ಕೆರೆಯುವುದೂ ಕೂಲಿ. ದಪ್ಪಗಾಗುತ್ತದೆ ಎಂಬ ಭಯಕ್ಕೆ ಪಶುವೈದ್ಯರ ಬಳಿ ಸರಳ ಲೆಕ್ಕವಿದೆ: ದಿನದ ಒಟ್ಟು ಆಹಾರದಲ್ಲಿ ಹತ್ತನೇ ಒಂದು ಭಾಗ ಮೀರದಿರಲಿ, ಅಷ್ಟನ್ನು ರಾತ್ರಿಯ ಮುದ್ದೆಯಲ್ಲಿ ಕಡಿಮೆ ಮಾಡಿ. ಸಿಹಿ ಬಿಸ್ಕತ್ತಿಗಿಂತ ಮೊಟ್ಟೆ, ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿಯ ಚೂರು ಒಳ್ಳೆಯದು. ದ್ರಾಕ್ಷಿ, ಚಾಕೊಲೇಟು, ಈರುಳ್ಳಿ ಬೇಡವೇ ಬೇಡ.

ಕಾರ್ಖಾನೆಯವರ ನಿಜವಾದ ಅಂಜಿಕೆ ಬೇರೆ. ತಿನ್ನಲು ಕೊಟ್ಟು ಕಲಿಸಿದ ನಾಯಿ ಕಳ್ಳ ಎಸೆದ ಮಾಂಸಕ್ಕೂ ಬಾಲ ಅಲ್ಲಾಡಿಸುತ್ತದಲ್ಲ ಎಂದು. ಈ ಪ್ರಶ್ನೆಯನ್ನು ನಾನು ಹಗುರವಾಗಿ ನೋಡುವುದಿಲ್ಲ, ಅವರ ಬಂಡವಾಳವೆಲ್ಲ ಆ ಶೆಡ್ಡಿನಲ್ಲಿದೆ. ಆದರೆ ಕಳ್ಳನ ತುಂಡಿಗೆ ಮೊದಲು ಬಾಯಿ ಹಾಕುವುದು ಹಸಿದ ನಾಯಿ. ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬಿದ ನಾಯಿಗೆ ನೆಲದ ಮೇಲೆ ಬಿದ್ದದ್ದನ್ನು ಮುಟ್ಟದಿರಲು ಕಲಿಸಬಹುದು. ಅದನ್ನು ಕಲಿಸುವುದೂ ಇದೇ ದಾರಿಯಲ್ಲೇ. ಮುಚ್ಚಿದ ಮುಷ್ಟಿಯಲ್ಲಿ ಒಂದು ಚೂರು ಹಿಡಿಯಿರಿ. ನಾಯಿ ಮೂತಿ ಹಿಂದೆಳೆದ ಕ್ಷಣ ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದದ್ದನ್ನು ಕೊಡಿ. ಆಮೇಲೆ ನೆಲದ ಮೇಲೆ, ಆಮೇಲೆ ಅಪರಿಚಿತರ ಕೈಯಲ್ಲಿ. ಬಿಟ್ಟರೆ ಲಾಭ ಎಂದು ಅದಕ್ಕೆ ಮನದಟ್ಟಾಗಬೇಕು. ಸಮಯ ಹಿಡಿಯುತ್ತದೆ, ಎಲ್ಲ ನಾಯಿಗಳೂ ಒಂದೇ ಮಟ್ಟಕ್ಕೆ ಬರುವುದಿಲ್ಲ. ಆದರೂ ಹಸಿವಿನಿಂದ ಕಾಯಿಸುವುದಕ್ಕಿಂತ ಇದು ನೂರು ಪಾಲು ಭದ್ರ.

ಹಸಿವಿನ ಮಾತು ಬಂತು. ಕಾವಲುನಾಯಿಯನ್ನು ‘ಉಗ್ರ’ ಮಾಡಲು ನಮ್ಮಲ್ಲಿ ಪ್ರಚಾರದಲ್ಲಿರುವ ಉಪಾಯಗಳನ್ನು ಬರೆಯಲು ಕೈ ನಡುಗುತ್ತದೆ. ಅನ್ನಕ್ಕೆ ಖಾರದಪುಡಿ ಕಲಸುವುದು. ಹಗಲೆಲ್ಲ ಕತ್ತಲೆಯ ಕೋಣೆಯಲ್ಲಿ ಕೂಡಿ ರಾತ್ರಿ ಬಿಡುವುದು. ಒಂದು ಹೊತ್ತು ಊಟ ತಪ್ಪಿಸುವುದು. ಯಾರೂ ಮುಟ್ಟಿ ಮಾತಾಡಿಸದಂತೆ ನೋಡಿಕೊಳ್ಳುವುದು. ಖಾರ ತಿಂದ ನಾಯಿಗೆ ಹೊಟ್ಟೆ ಉರಿಯುತ್ತದೆಯೇ ಹೊರತು ಕಳ್ಳನ ಗುರುತು ಹತ್ತುವುದಿಲ್ಲ. ಕತ್ತಲಲ್ಲಿ ಬೆಳೆದ ನಾಯಿಗೆ ಪ್ರಪಂಚವೇ ಅಪರಿಚಿತ. ಅದು ಫೋರ್ಕ್‌ಲಿಫ್ಟಿಗೂ ಬೊಗಳುತ್ತದೆ, ಹಾಲಿನವನಿಗೂ ಬೊಗಳುತ್ತದೆ, ಮಾಲೀಕರ ಮಗುವಿಗೂ ಬೊಗಳುತ್ತದೆ. ಎಲ್ಲಕ್ಕೂ ಬೊಗಳುವ ನಾಯಿ ಏನನ್ನೂ ಕಾಯುತ್ತಿಲ್ಲ. ರಾತ್ರಿ ಎರಡು ಗಂಟೆಗೆ ಅದರ ಕೂಗು ಕೇಳಿ ಯಾರೂ ಎದ್ದು ಬರುವುದಿಲ್ಲ. ಒಳ್ಳೆಯ ಕಾವಲುನಾಯಿ ಎಂದರೆ ಸುಮ್ಮನಿರಬೇಕಾದಾಗ ಸುಮ್ಮನಿರಲು ಬಲ್ಲ ನಾಯಿ. ಆ ಸುಮ್ಮನಿರುವುದನ್ನು ಯಾವ ಖಾರವೂ ಕಲಿಸದು. ಎರಡು ಸಲ ಬೊಗಳಿ ನಿಲ್ಲಿಸಿದ ಕ್ಷಣಕ್ಕೆ ‘ಭಲೆ’ ಎಂದು ಚೂರು ಕೊಟ್ಟರೆ ಕಲಿಯುತ್ತದೆ.

ಚೈನಿನ ಬಗ್ಗೆ ಕಾನೂನೇ ಮಾತಾಡಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಪ್ರಾಣಿಯನ್ನು ಹೊಡೆಯುವುದು, ಒದೆಯುವುದು ಮಾತ್ರವಲ್ಲ, ತೀರ ಗಿಡ್ಡ ಅಥವಾ ತೀರ ಭಾರದ ಚೈನಿನಲ್ಲಿ ಅನ್ಯಾಯವಾಗಿ ಹೊತ್ತುಗಟ್ಟಲೆ ಕಟ್ಟಿಹಾಕುವುದೂ, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದೆ ಇರುವುದೂ ಅಪರಾಧ. ಕಾಯ್ದೆ ಬಂದು ಅರವತ್ತು ವರ್ಷ ಮೀರಿದೆ. ಪೀಣ್ಯದ ಒಂದು ಬೀದಿ ನಡೆದು ನೋಡಿ.

ಏಟಿನ ಬಗ್ಗೆ ನನಗೆ ತಿಳಿದದ್ದು ನಾಯಿಯಿಂದಲ್ಲ, ಅಪ್ಪನಿಂದ. ಅಪ್ಪ ಇದೇ ಪೀಣ್ಯದಲ್ಲಿ ಟರ್ನರ್ ಆಗಿದ್ದರು. ಹುಡುಗನಾಗಿ ಲೇತಿನ ಮುಂದೆ ನಿಂತಾಗ ಅವರ ಮೇಸ್ತ್ರಿ ಸ್ಟೀಲ್ ಸ್ಕೇಲಿನ ಅಂಚಿನಿಂದ ಬೆರಳ ಗಂಟಿಗೆ ಹೊಡೆಯುತ್ತಿದ್ದರಂತೆ. ಅಳತೆ ಒಂದು ಕೂದಲೆಳೆ ತಪ್ಪಿದರೆ ಏಟು. ‘ಅದರಿಂದ ಕೆಲಸ ಕಲಿತಿರಾ?’ ಎಂದು ಒಮ್ಮೆ ಕೇಳಿದ್ದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ‘ಕೆಟ್ಟ ಜಾಬನ್ನು ಸ್ಕ್ರ್ಯಾಪ್ ರಾಶಿಯ ಅಡಿಗೆ ಹೂತಿಡೋದು ಕಲಿತೆ’ ಎಂದರು. ಕೆಲಸ ಕಲಿಸಿದ್ದು ಆಮೇಲೆ ಬಂದ ಇನ್ನೊಬ್ಬ ಮೇಸ್ತ್ರಿ. ಸರಿ ಬಂದ ಥ್ರೆಡ್ಡನ್ನು ಬೆಳಕಿಗೆ ಹಿಡಿದು, ‘ಇಲ್ನೋಡು, ಇದು ಕೆಲಸ’ ಎನ್ನುತ್ತಿದ್ದವರು.

ನಾಯಿಯೂ ಏಟಿನಿಂದ ಕಲಿಯುವುದು ಬಚ್ಚಿಡುವುದನ್ನು. ಮನೆಯೊಳಗೆ ಉಚ್ಚೆ ಹೊಯ್ದದ್ದಕ್ಕೆ ಮೂತಿ ಒತ್ತಿ ಹೊಡೆಸಿಕೊಂಡ ಮರಿ, ಮನೆಯೊಳಗೆ ಹೊಯ್ಯಬಾರದು ಎಂದು ತಿಳಿಯುವುದಿಲ್ಲ. ನಿಮ್ಮೆದುರು ಹೊಯ್ಯಬಾರದು ಎಂದಷ್ಟೇ ತಿಳಿಯುತ್ತದೆ. ಮರುದಿನ ಬೀರುವಿನ ಹಿಂದೆ ಹೋಗುತ್ತದೆ. ‘ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿ’ ಎನ್ನುತ್ತೇವೆ. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನೇ ಪರೀಕ್ಷೆಗೆ ಒಡ್ಡಿದರು. ಆ ತಪ್ಪಿತಸ್ಥ ಮುಖ ಕಾಣಿಸುವುದು ನಾಯಿ ತಪ್ಪು ಮಾಡಿತ್ತೋ ಇಲ್ಲವೋ ಎಂಬುದರ ಮೇಲಲ್ಲ, ಯಜಮಾನ ಗದರಿದನೋ ಇಲ್ಲವೋ ಎಂಬುದರ ಮೇಲೆ ಎಂದು ಕಂಡುಬಂತು. ನಾವು ಪಶ್ಚಾತ್ತಾಪ ಎಂದುಕೊಂಡದ್ದು ಭಯ.

ಆ ಭಯ ಒಳಗೇ ಉಳಿಯುವುದೂ ಇಲ್ಲ. ಅದೇ 2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು, ನಡವಳಿಕೆಯ ತೊಂದರೆಗೆಂದು ನಾಯಿ ಕರೆತಂದ 140 ಮಾಲೀಕರ ಉತ್ತರಗಳನ್ನು ಪ್ರಕಟಿಸಿದರು. ಹೊಡೆದು ಅಥವಾ ಒದ್ದು ನೋಡಿದವರಲ್ಲಿ ಶೇ 43ರಷ್ಟು ಮಂದಿಗೆ ನಾಯಿ ತಿರುಗಿಬಿದ್ದಿತ್ತು. ಹಿಡಿದು ಅಂಗಾತ ಕೆಡವಿದವರಲ್ಲಿ ಇದು ಶೇ 31. ಪೋರ್ಚುಗಲ್‌ನಲ್ಲಿ 92 ನಾಯಿಗಳನ್ನು ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಂಡಿಸಿ ಕಲಿಸುವ ಶಾಲೆಗಳ ನಾಯಿಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ತರಬೇತಿಯ ನಂತರ ಏರಿತ್ತು. ಪಾಠದುದ್ದಕ್ಕೂ ಅವು ತುಟಿ ನೆಕ್ಕುತ್ತ, ಆಕಳಿಸುತ್ತ ಇದ್ದವು. ‘ಇವೆಲ್ಲ ಸರಿ, ಆದರೆ ಮೊಂಡು ನಾಯಿಗೆ ಕರೆಂಟ್ ಕಾಲರೇ ಬೇಕು’ ಎನ್ನುವವರಿದ್ದಾರೆ. ಅದೇ ವರ್ಷ ಪ್ರಕಟವಾದ, ಬ್ರಿಟನ್ನಿನಲ್ಲಿ 63 ನಾಯಿಗಳ ಮೇಲೆ ನಡೆದ ಹೋಲಿಕೆಯಲ್ಲಿ, ತಿಂಡಿ ಮೆಚ್ಚುಗೆಗಳಿಂದ ಕಲಿತವು ವಿದ್ಯುತ್ ಕಾಲರಿನವಕ್ಕಿಂತ ಎಲ್ಲಿಯೂ ಹಿಂದೆ ಬೀಳಲಿಲ್ಲ, ಕರೆದಾಗ ಹೆಚ್ಚು ಬೇಗ ಓಗೊಟ್ಟವು. ವೇಲ್ಸ್ 2010ರಲ್ಲೇ ಆ ಕಾಲರನ್ನು ನಿಷೇಧಿಸಿದೆ.

ಇಲ್ಲಿ ಒಂದು ಗಾದೆಯ ಜತೆಗೂ ನನ್ನ ತಕರಾರಿದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುವುದು ಸುಳ್ಳು. ಬೊಗಳಿ, ಗುರ್‌ಗುಟ್ಟಿ, ಹಲ್ಲು ತೋರಿಸಿ ಅದು ‘ಹತ್ತಿರ ಬರಬೇಡ’ ಎಂದು ಹೇಳುತ್ತಿದೆ. ಗುರ್‌ಗುಟ್ಟಿದ್ದಕ್ಕೆ ಹೊಡೆದರೆ ಗುರ್‌ಗುಟ್ಟುವುದನ್ನು ಬಿಡುತ್ತದೆ, ಭಯ ಹಾಗೇ ಇರುತ್ತದೆ. ಆಮೇಲೆ ಆ ನಾಯಿ ಸದ್ದಿಲ್ಲದೆ ಕಚ್ಚುತ್ತದೆ. ‘ಏನೂ ಸೂಚನೆ ಕೊಡದೆ ಕಚ್ಚಿಬಿಟ್ತು’ ಎಂದು ಗೋಳಾಡುವ ಮನೆಗಳಲ್ಲಿ ಹಿಂದೆ ಎಷ್ಟು ಸಲ ಸೂಚನೆಗೆ ಏಟು ಬಿದ್ದಿತ್ತು ಎಂದು ವಿಚಾರಿಸಬೇಕು.

‘ನಾನು ಲೀಡರ್ ಅಂತ ಅದಕ್ಕೆ ತೋರಿಸಬೇಕು, ತೋಳದ ಗುಂಪಿನ ಹಾಗೆ’ ಎಂಬ ಮಾತೂ ಹಬ್ಬಿದೆ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಟ್ಟ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದದ್ದರಿಂದ ಇದು ಬೆಳೆಯಿತು. 1970ರ ತಮ್ಮ ಪುಸ್ತಕದಿಂದ ಆ ವಿಚಾರವನ್ನು ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಅವರೇ, ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 1999ರಲ್ಲಿ ಅದನ್ನು ತಿದ್ದಿದರು. ಕಾಡಿನ ಗುಂಪು ಎಂದರೆ ಅಪ್ಪ, ಅಮ್ಮ, ಮಕ್ಕಳು. ಗದ್ದುಗೆಗಾಗಿ ಕಾದಾಡುವ ಸೈನ್ಯವಲ್ಲ.

ಮಾಲೀಕರಿಗೆ ನಾನು ತರಳುವಿನ ವಿಷಯ ಹೇಳಿದೆ. ಬೆಂಗಳೂರಿನ ದಕ್ಷಿಣ ಅಂಚಿನ ಆ ಊರಿನಲ್ಲಿ 2011ರಿಂದ ಕೇಂದ್ರ ಮೀಸಲು ಪೊಲೀಸ್ ಪಡೆಯ ಶ್ವಾನ ಶಾಲೆ ಇದೆ. ಅಲ್ಲಿ ಬೆಳೆದ ಬೆಲ್ಜಿಯನ್ ಮ್ಯಾಲಿನಾಯ್ಸ್ ನಾಯಿಗಳು ನಕ್ಸಲ್ ಪ್ರದೇಶಗಳಲ್ಲಿ ನೆಲಬಾಂಬು ಹುಡುಕುತ್ತವೆ. ಜಗತ್ತಿನ ಯಾವ ಕಡೆಯಾದರೂ ಸ್ಫೋಟಕ ಹುಡುಕುವ ನಾಯಿ ದುಡಿಯುವುದು ಚೆಂಡಿಗಾಗಿ, ಆಟಕ್ಕಾಗಿ, ತಿಂಡಿಗಾಗಿ. ಹೊಡೆದು ಮೂಗನ್ನು ದುಡಿಸಲಾಗದು. ಸೈನಿಕರು ತಮ್ಮ ಪ್ರಾಣವನ್ನೇ ಈ ಪದ್ಧತಿಯ ಮೇಲೆ ಇಟ್ಟಿರುವಾಗ, ಇದು ಮೆತ್ತನೆಯ ಮನೆನಾಯಿಗಳ ಪಾಠ ಎಂಬ ಮಾತು ನಿಲ್ಲುವುದಿಲ್ಲ. ವಾಚ್‌ಮನ್ ತಮ್ಮೂರ ತಳಿಯ ಮಾತು ಸೇರಿಸಿದರು. ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿಯಾಯಿತು, 2016ರಲ್ಲಿ ಮರಿಗಳು ಸೇನೆಯ ಮೀರತ್ ಕೇಂದ್ರಕ್ಕೆ ಹೋದವು. ಓಟದಲ್ಲಿ ಅದಕ್ಕೆ ಸಾಟಿ ಕಡಿಮೆ, ಮನಸ್ಸು ಮಾತ್ರ ಸೂಕ್ಷ್ಮ. ‘ಒಮ್ಮೆ ಬೈದ್ರ ಮೂರು ದಿನ ಮಕಾ ಕೊಡಂಗಿಲ್ಲ’ ಎಂದರು.

ಬೀದಿನಾಯಿಯ ಬುದ್ಧಿಯ ಬಗ್ಗೆ ನಮ್ಮ ದೇಶದಲ್ಲೇ ಒಳ್ಳೆಯ ಕೆಲಸವಾಗಿದೆ. ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ಬೀದಿಯಲ್ಲೇ ನಿಂತು ನಾಯಿಗಳನ್ನು ಅಭ್ಯಾಸ ಮಾಡುತ್ತದೆ. ಅಪರಿಚಿತರೊಬ್ಬರು ಪದೇ ಪದೇ ಬಂದು ಕೆಲವು ನಾಯಿಗಳಿಗೆ ತಿಂಡಿ ಕೊಟ್ಟರು, ಕೆಲವಕ್ಕೆ ತಲೆ ಸವರಿದರು. ದಿನಗಳೆದ ಮೇಲೆ ಹೆಚ್ಚು ನಂಬಿಕೆಯಿಂದ ಹತ್ತಿರ ಬಂದವು ತಲೆ ಸವರಿಸಿಕೊಂಡ ನಾಯಿಗಳು. 2017ರಲ್ಲಿ ಇದು ಪ್ರಕಟವಾಯಿತು. ಯಾರೂ ಏನೂ ಕಲಿಸದ ಬೀದಿನಾಯಿಗಳು ಮನುಷ್ಯ ಬೆರಳು ತೋರಿಸಿದ ಕಡೆ ಹೋಗಬಲ್ಲವು ಎಂಬುದನ್ನೂ ಅದೇ ತಂಡ 2020ರಲ್ಲಿ ತೋರಿಸಿತು. ಕರಿಯನಂಥ ನಾಟಿ ನಾಯಿಗೆ ತಲೆ ಓಡುವುದಿಲ್ಲ, ಜಾತಿನಾಯಿಗೆ ಮಾತ್ರ ತರಬೇತಿ ಎನ್ನುವವರು ಇದನ್ನು ಗಮನಿಸಬೇಕು.

ಆದರೆ ಒಂದನ್ನು ಸ್ಪಷ್ಟವಾಗಿ ಹೇಳಲೇಬೇಕು. ಬೆಳಗಿನ ಪಾಳಿಗೆಂದು ಮಬ್ಬಿನಲ್ಲಿ ಲಗ್ಗೆರೆ, ಹೆಗ್ಗನಹಳ್ಳಿ ಕಡೆಯಿಂದ ನಡೆದು ಬರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೈಯಲ್ಲಿ ಕಲ್ಲು ಹಿಡಿದು ಬರುತ್ತಾರೆ. ಅವರಿಗೆ ‘ನಾಯಿಗೆ ಪ್ರೀತಿ ಕೊಡಿ’ ಎಂದು ಉಪದೇಶ ಮಾಡುವ ಹಕ್ಕು ನನಗಿಲ್ಲ. ಪಾಲಿಕೆಯ 2023ರ ಗಣತಿಯಂತೆ ಬೆಂಗಳೂರಿನಲ್ಲಿ 2.79 ಲಕ್ಷ ಬೀದಿನಾಯಿಗಳಿದ್ದವು. 2019ರಲ್ಲಿ 3.10 ಲಕ್ಷವಿತ್ತು. ಆ ಸಮಸ್ಯೆಗೆ ಬೇಕಾದದ್ದು ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ, ಕಸದ ವಿಲೇವಾರಿ. ತರಬೇತಿ ಅದಕ್ಕೆ ಮದ್ದಲ್ಲ. ಗೊತ್ತಿಲ್ಲದ ನಾಯಿಯ ಮೇಲೆ ಯಾರೂ ಪ್ರಯೋಗ ಮಾಡಬೇಡಿ. ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಿ. ಸಾಕಿದ ನಾಯಿಯೇ ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿ ನೋವು, ಹಲ್ಲು ನೋವು ಇರುವ ನಾಯಿಗೆ ಮೊಟ್ಟೆಯ ಚೂರು ಏನೂ ಮಾಡದು. ಮೆಚ್ಚಿ ಕಲಿಸುವುದು ಎಂದರೆ ಏನು ಮಾಡಿದರೂ ಬಿಡುವುದು ಎಂದೂ ಅಲ್ಲ. ಕರಿಯನ ಗೇಟಿಗೆ ಈಗ ಒಳಗಿನಿಂದ ಇನ್ನೊಂದು ಜಾಲರಿ ಬಾಗಿಲು ಬಂದಿದೆ. ತಪ್ಪು ಮಾಡಲು ಅವಕಾಶವೇ ಸಿಗದಂತೆ ಜಾಗ ಸಜ್ಜುಮಾಡುವುದು ಈ ಪದ್ಧತಿಯ ಅರ್ಧ ಭಾಗ.

ಮೆಚ್ಚು ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಸುಮಾರು ಕ್ರಿ.ಶ. 950ರ ಶಾಸನದಲ್ಲಿ ಆ ಮಾತಿದೆ. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನ ಶೌರ್ಯಕ್ಕೆ ಮೆಚ್ಚಿ ಅವನ ಒಡೆಯ, ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಂದಿಗೆ ಸೆಣಸಿ ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದ. ನಾಯಿಯೂ ಹಂದಿಯೂ ಎದುರುಬದುರಾಗಿ ನಿಂತ ಆ ಕಲ್ಲು ಈಗ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪೀಣ್ಯದಿಂದ ಮೆಟ್ರೊ ಹತ್ತಿದರೆ ಮುಕ್ಕಾಲು ಗಂಟೆಯ ದಾರಿ.

 ಭಾನುವಾರ ಪೀಣ್ಯದ ಬಹುಪಾಲು ಯಂತ್ರಗಳು ನಿಲ್ಲುತ್ತವೆ, ಕೆಲಸಗಾರರು ರಜೆಯಲ್ಲಿರುತ್ತಾರೆ, ನಾಯಿ ಮಾತ್ರ ಗೇಟಿನಲ್ಲಿ ಡ್ಯೂಟಿಯ ಮೇಲಿರುತ್ತದೆ. ಶೆಡ್ಡಿನ ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟು. ನಾಳೆ ಬೆಳಿಗ್ಗೆ ಶಟರ್ ಎತ್ತುವ ಮೊದಲು ಅದರ ಚೈನು ಬಿಚ್ಚಿ, ಹಗ್ಗ ಹಿಡಿದು ಒಂದು ಸುತ್ತು ನಡೆಸಿ. ಲಸಿಕೆಯ ಕಾರ್ಡಿನ ತಾರೀಕು ನೋಡಿ. ಜೇಬಿನಲ್ಲಿ ಒಂದು ಬೇಯಿಸಿದ ಮೊಟ್ಟೆ ಇರಲಿ. ಹೆಸರು ಹಿಡಿದು ಕರೆಯಿರಿ, ತಿರುಗಿ ನೋಡಿದರೆ ಅದರ ಕೂಲಿ ಕೊಡಿ.